ಎರಡು ಕಿಲೋ

ಸಹಾರಾದ ಧೂಳು ಹೊತ್ತ ಹರ್ಮಟಾನ್ ಗಾಳಿ
ಬೆಳಗಿನಿಂದ ಗೋದಾಮಿನ ತಗಡು ಕೆರೆಯುತ್ತಿತ್ತು.
ನ್ಯಾಮೆಚೆ, ಮಗಳ ಮಗಳು, ಏಳು ವರ್ಷ,
ಕೋಕೋ ಮೂಟೆ ತೂಗುವ ಕೊಕ್ಕೆಗೆ ಜೋತುಬಿದ್ದು
ಕಾಲು ಮಡಚಿ ಕೂಗಿದಳು:
ತಾತಾ, ನೋಡು, ನಾನೆಷ್ಟು?

ಹತ್ತೊಂಬತ್ತು, ಎಂದೆ.
ಇಲ್ಲ, ಎಂದಳು. ಬೆಳಿಗ್ಗೆ ದವಾಖಾನೆಯ ನರ್ಸಮ್ಮ
ಇಪ್ಪತ್ತೊಂದು ಎಂದು ಬರೆದಿದ್ದಾಳೆ, ಚೀಟಿ ಇದೆ.
ನೆಲ ನೋಡಿದಳು, ಬಂದ ದಾರಿ ನೋಡಿದಳು.
ಮಿಕ್ಕ ಎರಡು ಕಿಲೋ ನಾನು
ಎಲ್ಲಿ ಬೀಳಿಸಿಕೊಂಡೆ ತಾತಾ?

ಹನ್ನೊಂದು ವರ್ಷದ ಹಿಂದೆ, ಒಂದು ರಾತ್ರಿ,
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು
ಸೊನ್ನೆಯ ಬುಡಕ್ಕೆ ಮೊಳೆ ಬಡಿದವನು ನಾನೇ.
ಮೊದಲ ಎರಡು ಕಿಲೋ ನುಂಗಿ ನೀರು ಕುಡಿದ ಮೇಲೆಯೇ
ಮುಳ್ಳು ಅಲುಗಬೇಕು.
ಎಲ್ಲರೂ ಮಾಡುತ್ತಾರೆ, ಅಂದಿದ್ದ ಮೇಲಿನವನು.
ಮೇಲಿನವನು ಅಂದರೆ ಕಂಪನಿಯ ಏಜೆಂಟು.
ಆ ಇನ್ನೊಬ್ಬ ಮೇಲಿನವನು ಅವತ್ತು ಏನೂ ಹೇಳಲಿಲ್ಲ,
ಅಥವಾ ನಾನು ಕಿವಿಗೊಡಲಿಲ್ಲ.
ಮಾರನೆಯ ಭಾನುವಾರ, ಸಭೆಯ ಹಿರಿಯ,
ಕಾಣಿಕೆಯ ತಟ್ಟೆ ಹಿಡಿದು ಸಾಲು ಸಾಲು ನಡೆದೆ.
ಕೈ ನಡುಗಲಿಲ್ಲ. ಅದೇ ಈಗ ಹೆದರಿಸುವುದು.

ಸತ್ಯ ಬೆಳಕಿನಂತೆ ಬರುತ್ತದೆ ಎಂದು
ಯುವಕರ ಕೂಟದಲ್ಲಿ ಎಷ್ಟು ಸಲ ಹೇಳಿದ್ದೇನೆ!
ನನಗದು ಬಂದದ್ದು ಮುಂದಿನ ಹಲ್ಲು ಬಿದ್ದ ಬಾಯಿಂದ,
ಬೈಗುಳವಾಗಿ ಅಲ್ಲ,
ಲೆಕ್ಕ ಸಿಗದ ಮಗುವಿನ ಪೇಚಾಗಿ.
ಕದ್ದವನು ನಾನು ಕಂದಾ, ಎನ್ನಬೇಕಿತ್ತು.
ತಕ್ಕಡಿ ಹಳೆಯದು, ಎಂದೆ.
ಹುಂಜ ಎಲ್ಲಾದರೂ ಕೂಗೀತೆಂದು ಕಿವಿ ನಿಮಿರಿತು.
ನಡುಮಧ್ಯಾಹ್ನ. ಯಾವ ಹುಂಜವೂ ಕೂಗಲಿಲ್ಲ.

ಆ ವಾರ ಪ್ರಭುಭೋಜನ.
ರೊಟ್ಟಿಯ ತಟ್ಟೆ ನನ್ನವರೆಗೆ ಬಂತು.
ಬೆರಳಗಲದ ತುಣುಕುಗಳು, ಕಾಗದದಷ್ಟು ಹಗುರ,
ಎತ್ತಲಾಗಲಿಲ್ಲ.
ಪಕ್ಕದವನಿಗೆ ದಾಟಿಸಿ, ಹಾಡು ಮುಗಿಯುವ ಮೊದಲೇ
ಎದ್ದು ಹೊರಟೆ.

ಮೊಣಕಾಲು ನೋವೆಂದು ಆರಾಧನೆಗೆ ಬಾರದ
ವಿಧವೆ ಅಬೆನಾ ಬಿರಾಗೋ ಅಂಗಳದಲ್ಲಿ
ಚಾಪೆಯ ಮೇಲೆ ಬೀಜ ಹರವಿ ಕೂತಿದ್ದಳು.
ಹೇಳಿದೆ. ಮೊಳೆ, ಸೊನ್ನೆ, ಹನ್ನೊಂದು ವರ್ಷ, ಎಲ್ಲ.
ಹೋಗಲಿ ಬಿಡು ಎಂದಾಳೆಂದು ಕಾದೆ, ನಾಚಿಕೆಗೆಟ್ಟವನು.
ಅವಳು ಬೆರಳು ಮಡಚಿ ಎಣಿಸತೊಡಗಿದಳು,
ವರ್ಷಕ್ಕೆ ಒಂಬತ್ತು ಮೂಟೆ, ಮೂಟೆಗೆ ಎರಡು...
ನಾಲ್ಕನೆಯ ವರ್ಷದ ಮೇಲೆ ಬೆರಳು ನಿಂತಿತು.
ಅದೇ ವರ್ಷ ಅಲ್ಲವೇ, ಎಂದಳು,
ನನ್ನ ಡಾಂಕ್ವಾನ ಶಾಲೆಯ ಫೀಸಿಗೆ
ಚೂರೇ ಚೂರು ಸಾಲದೆ ಹೋದದ್ದು.

ಚೂರೇ ಚೂರು.
ಆ ಮಾತನ್ನು ನಾನಿನ್ನೂ ತೂಗುತ್ತಿದ್ದೇನೆ.

ನೆರಳು ಬಾವಿಯವರೆಗೆ ಬಂದಾಗ,
ಸುಮ್ಮನೆ ಕೂರಬೇಡ, ಎಂದಳು,
ಆ ಕಡೆಯ ಬೀಜ ಮಗುಚು.
ಮಗುಚಿದೆ.

ಮೊಳೆ ಕಿತ್ತಿದ್ದೇನೆ.
ಏಜೆಂಟು ಬೇರೆ ತೂಕದವನನ್ನು ಹುಡುಕುತ್ತಿದ್ದಾನೆ.
ಹಿರಿತನ ಹೋಯಿತು, ಹಿಂದಿನ ಬೆಂಚು ನನ್ನದು.
ಅಲ್ಲಿಂದ ಸಭೆಯೆಂದರೆ ಬರೀ ಬೆನ್ನುಗಳು,
ಒಂದೊಂದು ಬೆನ್ನಿಗೂ ನನ್ನ ಪುಸ್ತಕದಲ್ಲಿ ಬಾಕಿ.
ಶನಿವಾರ ಶನಿವಾರ ಒಂದಿಷ್ಟು ತೀರಿಸುತ್ತೇನೆ.
ಕೆಲವರು ಎಣಿಸಿ ತೆಗೆದುಕೊಂಡು ಬಾಗಿಲು ಹಾಕುತ್ತಾರೆ.
ಒಬ್ಬ ಉಗಿದ. ಒಬ್ಬಳು ನೀರು ಕೊಟ್ಟಳು.
ಬಿಡುಗಡೆ ಅಂದರೆ ಇದೇನಾ, ಕರ್ತನೇ?
ಇಷ್ಟು ಬೇಸಾಯ ಇದೆಯೆಂದು
ಯಾರೂ ಹೇಳಿರಲಿಲ್ಲ.

ನಿನ್ನೆ ನ್ಯಾಮೆಚೆ ಮತ್ತೆ ಕೊಕ್ಕೆಗೆ ಜೋತುಬಿದ್ದಳು.
ಮುಳ್ಳು ತುಯ್ದಾಡಿತು, ದಾಟಿತು, ಹಿಂದೆ ಬಂತು.
ನಾನು ಉಸಿರು ಹಿಡಿದು ಕಾದೆ, ನೀನೂ
ನಮ್ಮನ್ನು ತೂಗುವಾಗ ಹೀಗೆ ಕಾಯುತ್ತೀಯೇನೋ.
ಇಪ್ಪತ್ತೊಂದು.
ಸಿಕ್ಕಿತು! ಎಂದು ಕುಣಿದಳು.
ಯಾರ ಹತ್ತಿರ ಇತ್ತು ತಾತಾ?

ನನ್ನ ಹತ್ತಿರ, ಎಂದೆ.